ಬಿಗಿತಕ್ಕೊಂದು ಗಡಿ: ಎದೆ ಕಟ್ಟುತ್ತಿದ್ದ ಯುವಕನೊಬ್ಬನ ಆಪ್ತಸಲಹೆ ಪ್ರಕರಣ

ಕಿರಣ ಎಂದು ನಾನಿಲ್ಲಿ ಕರೆಯುತ್ತಿರುವವರು ಹಾವೇರಿ ಜಿಲ್ಲೆಯ 23 ವರ್ಷದ ಯುವಕ. ಹುಟ್ಟಿದಾಗ ಹೆಣ್ಣುಮಗುವೆಂದು ದಾಖಲಾಗಿದ್ದ ಅವರಿಗೆ ತಾನು ಗಂಡೆಂಬುದು ಹೈಸ್ಕೂಲಿನ ದಿನಗಳಲ್ಲೇ ಸ್ಪಷ್ಟವಾಗಿತ್ತು. ಪದವಿ ಮುಗಿಸಿದ ಮೇಲೆ ಕೂದಲು ಕತ್ತರಿಸಿಕೊಂಡು, ಅಂಗಿ-ಪ್ಯಾಂಟು ತೊಟ್ಟು, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದರು. ಅಲ್ಲಿ ಎಲ್ಲರೂ ಅವರನ್ನು ಗಂಡುಮಗನೆಂದೇ ತಿಳಿದಿದ್ದರು. ಹಾರ್ಮೋನ್ ಚಿಕಿತ್ಸೆ ಇನ್ನೂ ಆರಂಭವಾಗಿರಲಿಲ್ಲ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಹಿಡಿಯಲು ದಾರಿಯಾಗುವ ವಿವರಗಳನ್ನು ಬದಲಿಸಿದ್ದೇನೆ. ಆದರೆ ದೂಳು, ಸೆಕೆ ಮತ್ತು ದುಡಿಮೆಯ ಗಂಟೆಗಳು ಸಲಹೆಗೆ ಆಧಾರವಾದ್ದರಿಂದ ಅವುಗಳಿಗೆ ಸಮನಾದ ಸಂದರ್ಭವನ್ನೇ ಉಳಿಸಿಕೊಂಡಿದ್ದೇನೆ.

ಅವರು ಹುಬ್ಬಳ್ಳಿಯಲ್ಲಿರುವ ನನ್ನ ಬಳಿಗೆ ಬಂದದ್ದು ಆತಂಕದ ತೊಂದರೆಯೆಂದು. ಮಧ್ಯಾಹ್ನದ ಹೊತ್ತಿಗೆ ಎದೆ ಡವಗುಟ್ಟುತ್ತದೆ, ತಲೆ ಸುತ್ತುತ್ತದೆ, ರಾತ್ರಿ ಮಗ್ಗುಲು ಬದಲಿಸಿದರೆ ಎಚ್ಚರವಾಗುತ್ತದೆ ಎಂದರು. ಮಾತಿನ ನಡುವೆ ಅವರ ಉಸಿರು ಗಂಟಲಲ್ಲೇ ನಿಲ್ಲುತ್ತಿದ್ದುದನ್ನೂ, ಬೆನ್ನು ಬಾಗಿಸಿ ಭುಜಗಳನ್ನು ಮುಂದಕ್ಕೆ ಎಳೆದುಕೊಂಡು ಕುಳಿತಿದ್ದುದನ್ನೂ ಕಂಡು, ಒಳಗೆ ಏನು ತೊಡುತ್ತೀರಿ ಎಂದು ನೇರವಾಗಿ ಕೇಳಿದೆ. ಈ ಪ್ರಶ್ನೆಯನ್ನು ಸಂಕೋಚಪಡದೆ, ಊಟ-ನಿದ್ರೆಯ ಬಗ್ಗೆ ಕೇಳುವಷ್ಟೇ ಸಹಜವಾಗಿ ಕೇಳಬೇಕು. ನಾವು ಸಂಕೋಚಪಟ್ಟರೆ ಎದುರಿಗಿರುವವರು ಅರ್ಧ ಮಾತ್ರ ಹೇಳುತ್ತಾರೆ.

ಎದೆ ಚಪ್ಪಟೆಯಾಗಿ ಕಾಣಲೆಂದು ಔಷಧಿ ಅಂಗಡಿಯಲ್ಲಿ ಸಿಗುವ ಆರು ಇಂಚಿನ ಕ್ರೇಪ್ ಬ್ಯಾಂಡೇಜನ್ನು ಎದೆಗೆ ಎರಡು ಸುತ್ತು ಬಿಗಿದು, ಟೆಂಡರ್ ದಿನಗಳಲ್ಲಿ, ಅಂದರೆ ಪೇಟೆಯಲ್ಲಿ ಮೆಣಸಿನಕಾಯಿಗೆ ದರ ಕೂಗುವ ದಿನಗಳಲ್ಲಿ, ಅದು ಜಾರದಂತೆ ಮೇಲೊಂದು ಸುತ್ತು ಪಾರ್ಸೆಲ್ಲಿಗೆ ಹಚ್ಚುವ ಕಂದು ಟೇಪು ಸುತ್ತುತ್ತಿದ್ದರು. ಬೆಳಗಿನ ಆರಕ್ಕೆ ಕಟ್ಟಿದ್ದನ್ನು ಬಿಚ್ಚುತ್ತಿದ್ದುದು ರಾತ್ರಿ ಹತ್ತಕ್ಕೆ. ಮನೆಗೆ ನೆಂಟರು ಬಂದಾಗ ಅದರಲ್ಲೇ ಮಲಗುತ್ತಿದ್ದರು. ಕೆಮ್ಮಿದಾಗ ಬಲಗಡೆಯ ಕೆಳಪಕ್ಕೆಯಲ್ಲಿ ಚುಚ್ಚಿದಂತಾಗುತ್ತಿತ್ತು, ಕಂಕುಳ ಕೆಳಗೆ ಚರ್ಮ ಕೆಂಪಾಗಿ ತುರಿಸುತ್ತಿತ್ತು. ಮೆಣಸಿನಕಾಯಿ ಪೇಟೆಯಲ್ಲಿ ಕೆಮ್ಮದೆ ಇರುವವರು ಯಾರು? ಜನವರಿಯಿಂದ ಬೇಸಿಗೆಯ ಕೊನೆಯವರೆಗೆ ಅಲ್ಲಿನ ಗಾಳಿಯಲ್ಲೇ ಘಾಟು ಇರುತ್ತದೆ. ದೂಳು ಒಳಗೆ ಹೋದಾಗ ಅದನ್ನು ಹೊರಹಾಕಲು ಪಕ್ಕೆಲುಬುಗಳು ಪೂರ್ತಿ ಅರಳಬೇಕು. ಇವರ ಪಕ್ಕೆಲುಬುಗಳಿಗೆ ಆ ಜಾಗವೇ ಇರಲಿಲ್ಲ.

ಇದನ್ನೆಲ್ಲ ಹೇಳಿದ ಮೇಲೆ ಕಿರಣ ನನ್ನ ಮುಖ ನೋಡಿ, "ಕಟ್ಟಬ್ಯಾಡ ಅಂತ ಮಾತ್ರ ಹೇಳಬ್ಯಾಡ್ರಿ ಅಕ್ಕಾರ. ಪಟ್ಟಿ ಬಿಗೀಲಿಲ್ಲಂದ್ರ ಅಂಗಡಿಗೆ ಹೋಗಾಕ ಕಾಲ ಏಳಂಗಿಲ್ಲ" ಎಂದರು.

ಹಾಗೆ ಹೇಳುವ ಉದ್ದೇಶ ನನಗಿರಲಿಲ್ಲ. ಎದೆ ಕಟ್ಟುವುದನ್ನು ಚಟವೆಂದೋ ಹಟವೆಂದೋ ಕಾಣುವ ಸಲಹೆಗಾರರ ಬಳಿಗೆ ಯಾರೂ ಎರಡನೆಯ ಬಾರಿ ಬರುವುದಿಲ್ಲ. ಅವರು ಕಟ್ಟುವುದನ್ನೂ ನಿಲ್ಲಿಸುವುದಿಲ್ಲ, ಇನ್ನಷ್ಟು ಗುಟ್ಟಾಗಿ, ಇನ್ನಷ್ಟು ಅಪಾಯದ ರೀತಿಯಲ್ಲಿ ಕಟ್ಟುತ್ತಾರೆ. ಎದೆ ಕಟ್ಟುವ 1,800 ಮಂದಿಯನ್ನು ಕೇಳಿ ನಡೆಸಿದ, 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸಮೀಕ್ಷೆಯೊಂದರಲ್ಲಿ ನೂರಕ್ಕೆ 97 ಮಂದಿ ಕನಿಷ್ಠ ಒಂದಾದರೂ ದೈಹಿಕ ತೊಂದರೆಯನ್ನು ಹೇಳಿಕೊಂಡಿದ್ದರು: ಬೆನ್ನುನೋವು, ಮೈ ಕಾವೇರುವುದು, ಎದೆನೋವು, ಉಸಿರು ಕಟ್ಟುವುದು, ತುರಿಕೆ. ಆದರೂ ಕಟ್ಟುವುದರಿಂದ ಮನಸ್ಸಿನ ಕ್ಷೋಭೆ ತಗ್ಗುತ್ತದೆ, ನಾಲ್ಕು ಜನರ ನಡುವೆ ಓಡಾಡುವ ಧೈರ್ಯ ಬರುತ್ತದೆ ಎಂದು ಅವರೇ ಹೇಳಿದ್ದರು. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದುಕೊಂಡೇ ಸಲಹೆ ನೀಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಟ್ಟುವ ಗಂಟೆಗಳನ್ನು ಕಡಿಮೆ ಮಾಡಬೇಕು, ಹಾಗೆ ಕಡಿಮೆಯಾದ ಗಂಟೆಗಳ ಹೊಣೆಯನ್ನು ಹೊರಗಿನ ಬಟ್ಟೆಗೆ ವಹಿಸಬೇಕು.

ಮೊದಲ ಕೆಲಸ ವೈದ್ಯರದು. ಕೆಮ್ಮಿದಾಗ ಒಂದೇ ಜಾಗದಲ್ಲಿ ಚುಚ್ಚುವ ನೋವು ಪಕ್ಕೆಲುಬಿನ ಬಿರುಕೂ ಆಗಿರಬಹುದಾದ್ದರಿಂದ ಅದನ್ನು ಮಾತಿನಿಂದ ಸರಿಪಡಿಸಲು ಬರುವುದಿಲ್ಲ. ಅಂಗಿ ಬಿಚ್ಚಬೇಕಾಗುತ್ತದೆಂಬ ಭಯದಿಂದಲೇ ಅವರು ಅಲ್ಲಿಯವರೆಗೆ ಯಾರಿಗೂ ತೋರಿಸಿರಲಿಲ್ಲ. ನಾನು ವೈದ್ಯರಿಗೆ ನಾಲ್ಕು ಸಾಲಿನ ಪತ್ರ ಬರೆದುಕೊಟ್ಟೆ: ಇವರು ಟ್ರಾನ್ಸ್ ಪುರುಷರು, ಎದೆ ಕಟ್ಟುತ್ತಾರೆ, ಎಕ್ಸ್-ರೇ ತೆಗೆಯುವಾಗ ಆಸ್ಪತ್ರೆಯ ಗೌನ್ ಒದಗಿಸಿ, ಹೊರಗೆ ಕರೆಯುವಾಗ ಕಿರಣ ಎಂದೇ ಕರೆಯಿರಿ. ಇಂಥದೊಂದು ಪತ್ರ ಕೈಯಲ್ಲಿದ್ದರೆ ಎಲ್ಲವನ್ನೂ ಎಲ್ಲರೆದುರು ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ. ಮೂಳೆ ಮುರಿದಿರಲಿಲ್ಲ, ಪಕ್ಕೆಲುಬುಗಳ ನಡುವಿನ ಸ್ನಾಯು ಸೆಳೆದಿತ್ತು, ಚರ್ಮಕ್ಕೆ ಫಂಗಸ್ ಹತ್ತಿತ್ತು. ನೋವು ಪೂರ್ತಿ ಹೋಗುವವರೆಗೆ ಏನನ್ನೂ ಬಿಗಿಯಬಾರದೆಂದು ವೈದ್ಯರು ಹೇಳಿದರು. ಅಂಗಡಿಯಲ್ಲಿ ಕೇಳಿದೊಡನೆ ಕೊಡುವ, ಸ್ಟಿರಾಯ್ಡ್ ಬೆರೆತ ತುರಿಕೆಯ ಮುಲಾಮನ್ನು ಕಿರಣ ಆಗಲೇ ಹಚ್ಚುತ್ತಿದ್ದರು. ಅದು ತುರಿಕೆಯನ್ನು ತಾತ್ಕಾಲಿಕವಾಗಿ ಅಡಗಿಸಿ ಸೋಂಕನ್ನು ಹರಡಲು ಬಿಡುತ್ತದೆ. ಅದನ್ನು ನಿಲ್ಲಿಸಿದರು.

ಕ್ರೇಪ್ ಬ್ಯಾಂಡೇಜ್ ಏಕೆ ಬೇಡ ಎಂಬುದನ್ನು ನಾನು ವಿವರವಾಗಿಯೇ ತಿಳಿಸಿದೆ, ಏಕೆಂದರೆ ಕಾರಣ ತಿಳಿಯದ ನಿಷೇಧ ನಿಲ್ಲುವುದಿಲ್ಲ. ಆ ಪಟ್ಟಿ ಉಳುಕಿದ ಕೈಕಾಲಿನ ಬಾವು ತಗ್ಗಿಸಲು, ಅದನ್ನು ಒತ್ತಿ ಹಿಡಿಯಲೆಂದು ಮಾಡಿದ್ದು. ಎದೆಯಾದರೋ ಪ್ರತಿ ಉಸಿರಿಗೂ ಅರಳಿ ಮುದುಡುವ ಅಂಗ. ಓಡಾಡುವಾಗ, ಬಾಗುವಾಗ ಪಟ್ಟಿಯ ಸುತ್ತುಗಳು ಜಾರಿ ಒಂದೆಡೆ ಸೇರಿ ಹುರಿಯಾಗುತ್ತವೆ, ಆ ಜಾಗದ ಪಕ್ಕೆಲುಬಿನ ಮೇಲೇ ಎಲ್ಲ ಒತ್ತಡ ಬೀಳುತ್ತದೆ. ಟೇಪು ಹಿಗ್ಗುವುದೇ ಇಲ್ಲ, ಕೀಳುವಾಗ ಚರ್ಮವನ್ನೂ ಕೀಳುತ್ತದೆ. ಉಸಿರು ಮೇಲುಮೇಲಕ್ಕೆ ಆಡತೊಡಗಿದಾಗ ತಲೆ ಸುತ್ತುವುದು, ಎದೆ ಬಡಿದುಕೊಳ್ಳುವುದು ಸಹಜ. ಕಿರಣ ಅವರು ಆತಂಕವೆಂದು ತಿಳಿದಿದ್ದರಲ್ಲಿ ಬಹುಪಾಲು ಇದೇ ಆಗಿತ್ತು ಎಂಬುದು ಪಟ್ಟಿ ಬಿಚ್ಚಿದ ವಾರದಲ್ಲೇ ಅವರಿಗೂ ಮನವರಿಕೆಯಾಯಿತು.

ನೋವು ಹೋದ ಮೇಲೆ ಕಟ್ಟಲೆಂದೇ ಹೊಲಿದ ಬೈಂಡರ್ ತರಿಸಿಕೊಳ್ಳುವ ಮಾತು ಬಂತು. ಮುಂಭಾಗದಲ್ಲಿ ಹಿಗ್ಗದ ಬಟ್ಟೆ, ಬೆನ್ನು ಮತ್ತು ಪಕ್ಕಗಳಲ್ಲಿ ಹಿಗ್ಗುವ ಬಟ್ಟೆ ಇರುವ, ಬನಿಯನ್ನಿನಂಥ ಉಡುಪು ಅದು, ಆನ್‌ಲೈನಿನಲ್ಲಿ ಸಿಗುತ್ತದೆ. ಎದೆಯ ತುಂಬು ಭಾಗದ ಸುತ್ತಳತೆ, ಅದರ ಕೆಳಗಿನ ಸುತ್ತಳತೆ, ಭುಜದಿಂದ ಭುಜಕ್ಕೆ ಅಗಲ ಇವನ್ನು ಟೇಪಿನಿಂದ ಅಳೆದು, ಮಾರುವವರು ಕೊಟ್ಟ ಅಳತೆಯ ಪಟ್ಟಿಗೆ ಹೋಲಿಸಿ ಕೊಳ್ಳಬೇಕು. ಇನ್ನೂ ಚಪ್ಪಟೆಯಾಗಿ ಕಾಣಲೆಂದು ಒಂದು ಸೈಜ್ ಕಡಿಮೆಯದನ್ನು ತರಿಸುವುದು ಎಲ್ಲರೂ ಬೀಳುವ ಆಸೆ. ಅದರಿಂದ ಎದೆ ಹೆಚ್ಚು ಚಪ್ಪಟೆಯಾಗುವುದಿಲ್ಲ, ಕಂಕುಳ ಹತ್ತಿರ ಉಬ್ಬುತ್ತದೆ ಅಷ್ಟೆ. ತೊಟ್ಟ ಮೇಲೆ ಪೂರ್ತಿ ಉಸಿರು ಎಳೆಯಲು, ಎರಡೂ ಕೈ ಮೇಲೆತ್ತಲು, ಜೋರಾಗಿ ಕೆಮ್ಮಲು ಬರಬೇಕು. ಅಂಚಿನೊಳಗೆ ಬೆರಳು ಸಲೀಸಾಗಿ ತೂರಬೇಕು. ಮೊದಲ ದಿನಗಳಲ್ಲಿ ಮನೆಯಲ್ಲೇ ಒಂದೆರಡು ಗಂಟೆ ತೊಟ್ಟು ನೋಡಿ, ನಿಧಾನವಾಗಿ ಹೆಚ್ಚಿಸಬೇಕು. ದಿನಕ್ಕೆ ಎಂಟು ಗಂಟೆ ಎಂದು ಸಾಮಾನ್ಯವಾಗಿ ಹೇಳುವುದು ತಲುಪಬೇಕಾದ ಗುರಿಯಲ್ಲ, ದಾಟಬಾರದ ಗಡಿ. ಮಲಗುವಾಗ, ವ್ಯಾಯಾಮ ಮಾಡುವಾಗ, ಜ್ವರ-ಕೆಮ್ಮು ಇದ್ದಾಗ ತೊಡಲೇಬಾರದು. ಮುಟ್ಟಿನ ಹತ್ತಿರದ ದಿನಗಳಲ್ಲಿ ಎದೆ ಭಾರವಾಗಿ ನೋಯುವವರು ಆ ದಿನಗಳಲ್ಲಿ ಸಡಿಲವಾದುದನ್ನು ತೊಡಬೇಕು. ಬೆರಳು ಜೋಮು ಹಿಡಿದರೆ, ಉಸಿರು ಎಳೆದಾಗ ನೋವಾದರೆ, ಕಣ್ಣು ಕತ್ತಲಿಟ್ಟರೆ, ಯಾವ ಸಭೆಯಲ್ಲಿದ್ದರೂ ಎದ್ದು ಹೋಗಿ ಬಿಚ್ಚಬೇಕು.

ನಮ್ಮ ನಡುವೆ ನಿಜವಾದ ಎಳೆದಾಟ ನಡೆದದ್ದು ಟೆಂಡರ್ ದಿನಗಳ ಬಗ್ಗೆ. ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್. ಹಂಗಾಮಿನಲ್ಲಿ ಆ ದಿನ ಪೇಟೆಗೆ ಚೀಲಗಳು ಬೆಟ್ಟದಂತೆ ಬಂದು ಬೀಳುತ್ತವೆ, ಲೆಕ್ಕ ಮುಗಿಯುವಾಗ ರಾತ್ರಿಯಾಗುತ್ತದೆ. ಜನ ಹೆಚ್ಚಿರುವುದರಿಂದ ಕಿರಣ ಅವರಿಗೆ ಬಿಗಿತ ಹೆಚ್ಚು ಬೇಕೆನಿಸುತ್ತಿದ್ದುದು ಅಂದೇ. ದೂಳು, ಸೆಕೆ, ದುಡಿಮೆಯ ಗಂಟೆಗಳು ಹೆಚ್ಚಿರುವುದರಿಂದ ಬಿಗಿತ ಹೆಚ್ಚು ಅಪಾಯವಾಗುವುದೂ ಅಂದೇ. "ಬಾಕಿ ದಿನ ಬೇಕಾದ್ರ ಬಿಡ್ತೀನ್ರಿ, ಟೆಂಡರ್ ದಿನ ಮಾತ್ರ ಆಗಂಗಿಲ್ಲ" ಎಂದು ಅವರು ಪಟ್ಟು ಹಿಡಿದರು. ಕೊನೆಗೆ ಒಂದು ಏರ್ಪಾಡಿಗೆ ಬಂದೆವು. ಬೆಳಿಗ್ಗೆ ಜನಸಂದಣಿಯ ಹೊತ್ತಿನಲ್ಲಿ ಬೈಂಡರ್. ಊಟದ ಹೊತ್ತಿಗೆ ಅಂಗಡಿಯ ಹತ್ತಿರವೇ ಇರುವ ಗೆಳೆಯನ ಕೋಣೆಗೆ ಹೋಗಿ ಅದನ್ನು ತೆಗೆದು, ಮೈ ಒರೆಸಿಕೊಂಡು, ಐದು ನಿಮಿಷ ಬೆನ್ನು ನೆಟ್ಟಗೆ ಮಾಡಿ ಉಸಿರಾಡಿ, ಮೆತ್ತನೆಯ ಬಿಗಿ ಬನಿಯನ್ ತೊಡುವುದು. ಸಂಜೆಯ ಲೆಕ್ಕಕ್ಕೆ ಹೇಗೂ ಕುಳಿತೇ ಇರುವುದರಿಂದ ದಪ್ಪ ಅಂಗಿ ಮತ್ತು ಹೆಗಲ ಮೇಲಿನ ಟವೆಲ್ ಉಳಿದುದನ್ನು ನೋಡಿಕೊಳ್ಳುತ್ತವೆ. ಭಾನುವಾರ ಏನೂ ಬೇಡ. ಅದೇ ಸಮೀಕ್ಷೆಯಲ್ಲಿ ವಾರಕ್ಕೆ ಎಷ್ಟು ದಿನ ಕಟ್ಟುತ್ತಾರೆ ಎಂಬುದಕ್ಕೂ ತೊಂದರೆಗಳಿಗೂ ಬಲವಾದ ನಂಟು ಕಂಡಿತ್ತಾದ್ದರಿಂದ ಆ ಒಂದು ದಿನದ ಬಿಡುವನ್ನು ನಾನು ಬಿಟ್ಟುಕೊಡಲಿಲ್ಲ.

ಇನ್ನು ಬಟ್ಟೆ. ಗಂಡಸಾಗಿ ಕಾಣಬೇಕೆಂಬ ಹಂಬಲದಲ್ಲಿ ಕಿರಣ ಮೈಗಂಟಿದ ಟೀ ಶರ್ಟುಗಳನ್ನು ಕೊಂಡಿದ್ದರು. ಅಂಥ ತೆಳು ಬಟ್ಟೆಯ ಕೆಳಗೆ ಎಷ್ಟು ಬಿಗಿದರೂ ಸಾಲದೆನಿಸುತ್ತದೆ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೆ ಸರಿಯಾಗಿ ಕೂರುವ, ಎದೆಯ ಸುತ್ತ ನಾಲ್ಕೈದು ಇಂಚು ಸಡಿಲವಿರುವ, ಕೆಳ ಅಂಚು ನೇರವಾಗಿರುವ ಅಂಗಿಯನ್ನು ಹೊರಗೆ ಬಿಟ್ಟು ತೊಟ್ಟರೆ ಎದೆಯ ಜೊತೆಗೆ ಸೊಂಟದ ತಿರುವೂ ಮರೆಯಾಗುತ್ತದೆ. ಎರಡೂ ಕಡೆ ಮುಚ್ಚಳದ ಜೇಬು, ಗಾಢ ಬಣ್ಣ ಅಥವಾ ಸಣ್ಣ ಚೌಕಳಿ ಒಳ್ಳೆಯದು. ಎದೆಯ ಮೇಲೆ ಅಡ್ಡಪಟ್ಟೆ ಬೇಡ. ನಮ್ಮ ಸೆಕೆಗೆ ಪಾಲಿಯೆಸ್ಟರ್ ಆಗದು. ದಪ್ಪ ನೂಲಿನ ಖಾದಿ ಮೈಗೆ ಅಂಟದೆ ತನ್ನ ಆಕಾರದಲ್ಲೇ ನಿಲ್ಲುತ್ತದೆ, ಬೆವರನ್ನೂ ಹೀರುತ್ತದೆ. ಖಾದಿಗೆ ಹೆಸರಾದ ಗರಗ, ಬೆಂಗೇರಿಗಳ ಈ ಸೀಮೆಯಲ್ಲಿ ಅದಕ್ಕೆ ಬರವೂ ಇಲ್ಲ. ಖಾದಿಯ ನೆಹರು ಶರ್ಟು ತೊಟ್ಟವನನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮದುವೆ-ಮುಂಜಿಗೆ ಮೇಲೊಂದು ಹಾಫ್ ಜಾಕೆಟ್ ಹಾಕಿದರೆ ಬೈಂಡರಿನ ಅಗತ್ಯವೇ ಬೀಳದಿರಬಹುದು. ದರ್ಜಿ ಎದೆಗೆ ಟೇಪು ಹಿಡಿಯುತ್ತಾನೆಂಬ ಅಳುಕಿಗೆ, ಸರಿಯಾಗಿ ಕೂರುವ ಹಳೆಯ ಅಂಗಿಯೊಂದನ್ನೇ ಅಳತೆಗೆ ಕೊಟ್ಟರೆ ಸಾಕೆಂದು ಹೇಳಿದೆ.

ಆ ಅಂಗಿಯ ಮಾತು ತಾಯಿಯವರೆಗೆ ಹೋಯಿತು. ಅವರು ಮನೆಯಲ್ಲೇ ಕುಪ್ಪಸ ಹೊಲಿಯುವವರು. ಕಿರಣ ಒಪ್ಪಿದ ಮೇಲೆ, ಏನನ್ನು ಹೇಳಬೇಕು ಏನನ್ನು ಹೇಳಬಾರದು ಎಂದು ಮೊದಲೇ ಗೊತ್ತುಮಾಡಿಕೊಂಡು ಅವರನ್ನು ಕರೆಸಿದೆ. "ಬೆನ್ನಾಗ ಬಾಸುಂಡಿ ಎದ್ದಿದ್ದೂರಿ ಅಕ್ಕಾರ. ಯಾರರ ಹೊಡದಾರೇನಂತ ಅಂಜಿ ಕೇಳಾಕೂ ಹೋಗಲಿಲ್ಲ" ಎಂದು ಅವರು ಅತ್ತರು. ಇದು ಕಾಯಿಲೆಯೇ, ಬಿಡಿಸಲು ಬರುತ್ತದೆಯೇ ಎಂದೂ ಕೇಳಿದರು. ಕಾಯಿಲೆಯಲ್ಲ, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಹೊರಗಿಟ್ಟು 2019ರಲ್ಲಿ ಅಂಗೀಕರಿಸಿದ ವರ್ಗೀಕರಣ 2022ರಿಂದ ಜಾರಿಯಲ್ಲಿದೆ, ಬಿಡಿಸುತ್ತೇನೆಂದು ಚಿಕಿತ್ಸೆ ಕೊಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿಪರ ದುರ್ನಡತೆಯೆಂದು ಹೇಳಿದೆ. ಹಾಗೆ ಹಣ ಕೇಳುವವರ ಬಳಿಗೆ ಮಗನನ್ನು ಕರೆದೊಯ್ಯಬೇಡಿ ಎಂದು ಸ್ಪಷ್ಟವಾಗಿಯೇ ಹೇಳಿದೆ. ಅವರು ಮನೆಯಲ್ಲಿ ಈಗಲೂ ಹಳೆಯ ಹೆಸರನ್ನೇ ಕರೆಯುತ್ತಾರೆ, ಕಿರಣ ಅವರಿಗೆ ಅದರ ನೋವಿದೆ. ಆದರೆ ಸಂಜೆಗೆ ತೊಡುವ ಬನಿಯನ್ನಿಗೆ ಮುಂದೆ ಎರಡು ಪದರ ಹತ್ತಿ ಬಟ್ಟೆ ಕೊಟ್ಟು ಹೊಲಿದವರೂ ಅವರೇ.

ತಾಯಿಗೆ ತಿಳಿದದ್ದರಿಂದ ಒಣಗಿಸುವ ಸಮಸ್ಯೆಯೂ ಬಗೆಹರಿಯಿತು. ಅಲ್ಲಿಯವರೆಗೆ ಪಟ್ಟಿಯನ್ನು ಹಾಸಿಗೆಯ ಕೆಳಗೆ ಹಸಿಯಾಗಿಯೇ ಇಡುತ್ತಿದ್ದರು, ಫಂಗಸ್ಸಿಗೆ ಅದಕ್ಕಿಂತ ಅನುಕೂಲ ಬೇಕೆ? ಈಗ ಎರಡು ಬೈಂಡರುಗಳಿವೆ. ದಿನಬಿಟ್ಟು ದಿನ ಕೈಯಲ್ಲಿ ಒಗೆದು, ಹ್ಯಾಂಗರಿಗೆ ಹಾಕಿ ಮೇಲೊಂದು ಅಂಗಿ ಹೊದಿಸಿ ಫ್ಯಾನಿನ ಗಾಳಿಗೆ ಪೂರ್ತಿ ಒಣಗಿಸುತ್ತಾರೆ. ಚರ್ಮ ಸಂಪೂರ್ಣ ಒಣಗಿದ ಮೇಲೆಯೇ ತೊಡುತ್ತಾರೆ.

ಕಿರಣ ಅವರು ಹಾರ್ಮೋನ್ ಆರಂಭಿಸಿದರೆ ಎದೆ ತಾನಾಗಿ ಇಳಿಯುತ್ತದೆಂದು ನಂಬಿದ್ದರು. ಟೆಸ್ಟೋಸ್ಟೆರಾನಿನಿಂದ ದನಿ, ಮೀಸೆ, ಸ್ನಾಯುಗಳು ಬದಲಾಗುತ್ತವೆ. ಎದೆ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಶಸ್ತ್ರಚಿಕಿತ್ಸೆಯವರೆಗೆ ವರ್ಷಗಟ್ಟಲೆ ಕಟ್ಟಬೇಕಾಗಬಹುದು, ಆ ಹೊತ್ತಿಗೆ ಚರ್ಮದ ಬಿಗುವು ಕೆಟ್ಟಿದ್ದರೆ ಶಸ್ತ್ರಚಿಕಿತ್ಸೆಯ ಫಲಿತಾಂಶಕ್ಕೂ ತೊಡಕಾಗಬಹುದು ಎಂಬುದು ಅವರ ಮನಸ್ಸಿಗೆ ಬೇರೆಲ್ಲ ಮಾತಿಗಿಂತ ಹೆಚ್ಚು ನಾಟಿತು. ಎದೆಯಲ್ಲಿ ಗಂಟು ಸಿಗುತ್ತದೆಯೇ ಎಂದು ತಿಂಗಳಿಗೊಮ್ಮೆ ಮುಟ್ಟಿ ನೋಡಿಕೊಳ್ಳುವುದನ್ನು ಬಿಡಬಾರದೆಂದೂ ತಿಳಿಸಿದೆ. ನೋಡಲು ಇಷ್ಟವಿಲ್ಲದ ಅಂಗವನ್ನು ಮುಟ್ಟುವುದು ಅವರಿಗೆ ಸುಲಭವಲ್ಲವೆಂದು ಬಲ್ಲೆ. ಹಾರ್ಮೋನಿಗೆ ಮುಂಚಿನ ಮನೋವೈದ್ಯರ ಭೇಟಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಸೂಚಿಸಿದ್ದೇನೆ, ರಾತ್ರಿ ದುಗುಡ ಹೆಚ್ಚಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಕೊಟ್ಟಿದ್ದೇನೆ.

ಟೇಪು ಮತ್ತು ಕ್ರೇಪ್ ಪಟ್ಟಿ ಈಗ ನಿಂತಿವೆ, ರಾತ್ರಿ ಏನನ್ನೂ ಕಟ್ಟುವುದಿಲ್ಲ, ತಲೆಸುತ್ತು ಮರುಕಳಿಸಿಲ್ಲ. ಹಂಗಾಮಿನ ಕೆಲವು ಸೋಮವಾರಗಳಲ್ಲಿ ಎಂಟು ಗಂಟೆಯ ಗಡಿ ದಾಟುತ್ತಿರುವುದನ್ನು ಅವರೇ ಹೇಳುತ್ತಾರೆ. ಲೆಕ್ಕ ಬರೆಯುವವರಾದ್ದರಿಂದ ಕಟ್ಟಿದ ಮತ್ತು ಬಿಚ್ಚಿದ ವೇಳೆಯನ್ನು ಒಂದು ಸಣ್ಣ ನೋಟುಬುಕ್ಕಿನಲ್ಲಿ ಬರೆದಿಡುತ್ತಾರೆ. ಗಡಿ ದಾಟಿದ ಮರುದಿನ ಬೈಂಡರ್ ತೊಡದೆ ಖಾದಿ ಅಂಗಿಯಲ್ಲೇ ಅಂಗಡಿಗೆ ಹೋಗುವುದೆಂದು ನಾವಿಬ್ಬರೂ ಒಪ್ಪಿದ್ದೇವೆ.