ಪ್ರತಿಕ್ರಿಯೆ: ಕಪ್ಪು ಕಲ್ಲಿನೊಳಗಿನ ಹಸಿರು ಉಂಡೆ
ಅರಿಜೋನಾದ ಸ್ಯಾನ್ ಕಾರ್ಲೋಸ್‌ನ ಕಪ್ಪು ಬಸಾಲ್ಟ್‌ನಲ್ಲಿರುವ (ಲಾವಾ ತಣಿದು ಆದ ಕಲ್ಲು) ಹಸಿರು ಉಂಡೆಗಳು ಲಾವಾ ತಣಿದಾಗ ಹುಟ್ಟಿದವೇ ಎಂದು ಕೇಳಿದ್ದೀರಿ. ಅಲ್ಲ. ಅವು ಭೂಮಿಯ ಹೊರಪದರದ ಕೆಳಗಿರುವ ಮ್ಯಾಂಟಲ್ ಎಂಬ ಪದರದ ಪೆರಿಡೊಟೈಟ್ ಎಂಬ ಕಲ್ಲಿನ ಚೂರುಗಳು. ಶಿಲಾಪಾಕ (ನೆಲದೊಳಗಿನ ಕರಗಿದ ಕಲ್ಲು) ಮೇಲೇರುವಾಗ ದಾರಿಯಲ್ಲಿ ಕಿತ್ತು ತಂದವು. ಲೆನ್ಸ್ ಹಿಡಿದು ಅದರಲ್ಲಿರುವ ಖನಿಜಗಳನ್ನು ನೋಡಿ: ತಿಳಿಹಸಿರು ಆಲಿವಿನ್, ಕಂದು ಪೈರಾಕ್ಸೀನ್, ಅಲ್ಲಲ್ಲಿ ಪಚ್ಚೆ ಬಣ್ಣದ ಕ್ರೋಮ್ ಡಯಾಪ್ಸೈಡ್, ಸಣ್ಣ ಕರಿ ಚುಕ್ಕೆಗಳಾಗಿ ಸ್ಪಿನೆಲ್. ನನ್ನ ಮಟ್ಟಿಗೆ ಕಲ್ಲು ಎಷ್ಟು ಆಳದಿಂದ ಬಂತು ಎಂಬುದಕ್ಕೆ ನಿಜವಾದ ಸಾಕ್ಷಿ ಆ ಸ್ಪಿನೆಲ್ಲೇ. ಇನ್ನೂ ಆಳಕ್ಕೆ ಹೋದರೆ ಒತ್ತಡಕ್ಕೆ ಅದರ ಜಾಗದಲ್ಲಿ ಗಾರ್ನೆಟ್ ಎಂಬ ಬೇರೆ ಖನಿಜ ಬರುತ್ತದೆ. ಹಾಗಾಗಿ ಈ ಕಲ್ಲು ಸುಮಾರು 30ರಿಂದ 70 ಕಿ.ಮೀ. ಆಳದ್ದು ಎನ್ನಬಹುದು. (ಮನುಷ್ಯ ಕೊರೆದ ಅತಿ ಆಳದ ರಂಧ್ರ, ರಷ್ಯಾದ ಕೋಲಾದ್ದು, ಬರೀ 12 ಕಿ.ಮೀ. ಚಿಲ್ಲರೆ!) ಇನ್ನೊಂದು ವಿಷಯ: ಈ ಚೂರುಗಳು ಶಿಲಾಪಾಕಕ್ಕಿಂತ ಭಾರ. ಅದು ನಿಧಾನಕ್ಕೆ ಏರಿದ್ದರೆ ದಾರಿಯಲ್ಲೇ ಮುಳುಗಿಬಿಡುತ್ತಿದ್ದವು. ಕೆಲವೇ ಗಂಟೆಗಳಲ್ಲೋ ದಿನಗಳಲ್ಲೋ ಮೇಲೆ ಬಂದಿರಬೇಕು.