ನಡ ಹಿಡಿದಾಗ ಮೆಡಿಕಲ್‌ನಲ್ಲಿ ಏನು ಕೇಳಬೇಕು?

ಓದುಗರ ಪ್ರಶ್ನೆ, ಔಷಧಕಾರರ ಉತ್ತರ

ತೊಗರಿ ರಾಶಿ ಮುಗಿದು ಬಿಸಿಲು ಏರತೊಡಗುವ ಈ ದಿನಗಳಲ್ಲಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ನಡ ಹಿಡಿತ, ಮೈಕೈ ನೋವು ಮತ್ತು ಸ್ನಾಯು ಸೆಳೆತಗಳನ್ನು ಕುರಿತವು. ವೈದ್ಯರ ಚೀಟಿ ಇಲ್ಲದೆ ಏನು ಕೊಳ್ಳಬಹುದು ಎಂದು ಕೇಳಿದ ಐದು ಪತ್ರಗಳನ್ನು ಈ ಸಲ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. ರಾಶಿಯ ದಿನ ತೊಗರಿ ಚೀಲ ಎತ್ತಿ ಟ್ರ್ಯಾಕ್ಟರ್‌ಗೆ ಹಾಕುವಾಗ ನಡ ಹಿಡಿದುಕೊಂಡಿತು. ಮೆಡಿಕಲ್‌ನಲ್ಲಿ ‘ನಡ ನೋವಿನ ಗುಳಿಗೆ’ ಕೇಳಿದ್ದಕ್ಕೆ ಮೂರು ಬಗೆಯ ಗುಳಿಗೆಗಳನ್ನು ಕತ್ತರಿಸಿ ಪೊಟ್ಟಣ ಕಟ್ಟಿಕೊಟ್ಟರು. ಎರಡು ದಿನ ಆರಾಮ ಎನಿಸಿತು, ಆಮೇಲೆ ಹೊಟ್ಟೆಯುರಿ ಶುರುವಾಯಿತು. ನೋವು ಪೂರ್ತಿ ಹೋಗಿಲ್ಲ. ಅವರು ಆರು ವರ್ಷಗಳಿಂದ ಬಿಪಿ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಚೀಟಿ ಇಲ್ಲದೆ ಏನು ಕೊಡಬಹುದು?
(ಓದುಗರು, ಆಳಂದ ತಾಲ್ಲೂಕು)

ಉತ್ತರ: ಮೊದಲು ಆ ಪೊಟ್ಟಣದ ವಿಚಾರ. ಗುಳಿಗೆಯ ಪಟ್ಟಿಯನ್ನು ಕತ್ತರಿಸಿದಾಗ ಔಷಧದ ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ದಿನಾಂಕ ಇನ್ನೊಂದು ತುಂಡಿನಲ್ಲಿ ಉಳಿದು, ನಿಮ್ಮ ಕೈಗೆ ಎರಡೂ ಇಲ್ಲದ ಬರಿಯ ತಗಡಿನ ಹಾಳೆ ಬರುತ್ತದೆ. ಕೌಂಟರಿನ ಹಿಂದೆ ನಿಂತು ನಾನೂ ಹೀಗೆ ಕತ್ತರಿಸಿ ಕೊಟ್ಟವನೇ ಆದ್ದರಿಂದ ಇದನ್ನು ಬೇರೆಯವರ ತಪ್ಪೆಂದು ಬರೆಯುತ್ತಿಲ್ಲ. ಆದರೆ ಕೊಳ್ಳುವವರು ‘ಹೆಸರಿರುವ ತುಂಡನ್ನೇ ಕೊಡಿ, ಇಲ್ಲವೇ ಹೆಸರನ್ನು ಬರೆದುಕೊಡಿ’ ಎಂದು ಕೇಳಿದರೆ ಯಾವ ಅಂಗಡಿಯವರೂ ಇಲ್ಲವೆನ್ನಲಾಗದು.

ಇಂಥ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಡೈಕ್ಲೊಫೆನಾಕ್ ಅಥವಾ ಅಸೆಕ್ಲೊಫೆನಾಕ್ ಜೊತೆಗೆ ಪ್ಯಾರಾಸಿಟಮಾಲ್ ಸೇರಿದ ನೋವಿನ ಗುಳಿಗೆ ಒಂದು, ಸ್ನಾಯುವನ್ನು ಸಡಿಲಿಸುವ ಗುಳಿಗೆ ಒಂದು, ಹೊಟ್ಟೆಯ ಆಮ್ಲ ತಗ್ಗಿಸುವ ಗುಳಿಗೆ ಒಂದು ಇರುತ್ತವೆ. ಇವುಗಳಲ್ಲಿ ಮೊದಲ ಎರಡೂ ಚೀಟಿ ಇಲ್ಲದೆ ಕೊಡಬಾರದ ಔಷಧಗಳು. ನಮ್ಮ ದೇಶದ ಕಾನೂನಿನಲ್ಲಿ ‘ಚೀಟಿ ಇಲ್ಲದೆ ಮಾರಬಹುದಾದ ಔಷಧ’ಗಳ ಪ್ರತ್ಯೇಕ ಪಟ್ಟಿಯೆಂಬುದು ಇಲ್ಲ, 1945ರ ಔಷಧ ನಿಯಮಗಳ ಷೆಡ್ಯೂಲ್ ಎಚ್, ಎಚ್1 ಮತ್ತು ಎಕ್ಸ್‌ಗಳಲ್ಲಿ ಹೆಸರಿಸಿದವುಗಳಿಗೆ ಚೀಟಿ ಬೇಕು, ಉಳಿದವುಗಳಿಗೆ ಬೇಡ ಎಂಬುದು ರೂಢಿಯಲ್ಲಿರುವ ಅರ್ಥ. ಗುಳಿಗೆಯ ಪಟ್ಟಿಯ ಮೇಲೆ ಷೆಡ್ಯೂಲ್ ಎಚ್ ಎಂಬ ಎಚ್ಚರಿಕೆ ಇದ್ದರೆ ಅದು ಅಂಗಡಿಯವರ ಸಲಹೆಯ ಮೇಲೆ ನುಂಗುವ ಗುಳಿಗೆಯಲ್ಲ. ಎಲ್ಲರೂ ಸಲೀಸಾಗಿ ಕೇಳುವ ಐಬುಪ್ರೊಫೇನ್ ಪಟ್ಟಿಯ ಮೇಲೂ ಈ ಎಚ್ಚರಿಕೆ ಇರುತ್ತದೆ. ಅದೇ ಡೈಕ್ಲೊಫೆನಾಕ್ ಜೆಲ್ ಆಗಿ ಟ್ಯೂಬಿನಲ್ಲಿ ಬಂದಾಗ ಸುಲಭವಾಗಿ ಸಿಗುತ್ತದೆ, ಏಕೆಂದರೆ ಮೈಮೇಲೆ ಹಚ್ಚುವ ಬಹುತೇಕ ತಯಾರಿಕೆಗಳನ್ನು ಷೆಡ್ಯೂಲ್ ಎಚ್ ಪಟ್ಟಿಯಿಂದ ಹೊರಗಿಟ್ಟಿದ್ದಾರೆ.

ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ಹೊಟ್ಟೆಯುರಿಗಿಂತ ಹೆಚ್ಚು ಚಿಂತೆ ತಂದಿರುವುದು ಬಿಪಿ. ಡೈಕ್ಲೊಫೆನಾಕ್, ಐಬುಪ್ರೊಫೇನ್ ಗುಂಪಿನ ಗುಳಿಗೆಗಳು ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು ರಕ್ತದೊತ್ತಡವನ್ನು ಏರಿಸಬಲ್ಲವು. ಬಿಪಿಗೆಂದು ಎನಲಪ್ರಿಲ್, ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಜೊತೆಗೆ ಮೂತ್ರ ಹೆಚ್ಚಿಸುವ ಗುಳಿಗೆಯೂ ನಡೆದಿದ್ದು, ಇಡೀ ದಿನ ಹೊಲದಲ್ಲಿ ನೀರು ಕುಡಿಯದೆ ದುಡಿದು, ಸಂಜೆ ಈ ನೋವಿನ ಗುಳಿಗೆಯನ್ನೂ ನುಂಗಿದರೆ, ಮೂರೂ ಕೂಡಿ ಮೂತ್ರಪಿಂಡಕ್ಕೆ ರಕ್ತ ಹೋಗುವುದನ್ನೇ ತಗ್ಗಿಸಿಬಿಡುತ್ತವೆ. ಆದ್ದರಿಂದ ಆ ಪೊಟ್ಟಣವನ್ನು ನಿಲ್ಲಿಸಿ. ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಚೀಟಿ ಇಲ್ಲದೆ ಸಿಗುವುದರಲ್ಲಿ ಅವರಿಗೆ ಹೊಂದುವ ಗುಳಿಗೆ ಪ್ಯಾರಾಸಿಟಮಾಲ್. ಅದರಿಂದ ಬಹಳವನ್ನು ನಿರೀಕ್ಷಿಸಬೇಡಿ: ಆಸ್ಟ್ರೇಲಿಯಾದಲ್ಲಿ 1,600ಕ್ಕೂ ಹೆಚ್ಚು ನಡನೋವಿನ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪ್ಯಾರಾಸಿಟಮಾಲ್ ನುಂಗಿದವರು ಔಷಧವಿಲ್ಲದ ತೋರಿಕೆಯ ಗುಳಿಗೆ ನುಂಗಿದವರಿಗಿಂತ ಬೇಗ ಗುಣವಾಗಲಿಲ್ಲ. ಆದರೂ ರಾತ್ರಿ ನಿದ್ದೆ ಬಾರದಷ್ಟು ನೋವಿದ್ದಾಗ ನೋಡಬಹುದು. 650 ಮಿಲಿಗ್ರಾಂನ ಗುಳಿಗೆಯಾದರೆ ಆರು ಗಂಟೆಗಳ ಅಂತರದಲ್ಲಿ ಒಂದೊಂದು, ದಿನಕ್ಕೆ ನಾಲ್ಕನ್ನು ಮೀರದಂತೆ. ವಯಸ್ಕರಿಗೆ 4 ಗ್ರಾಂ ಕೊನೆಯ ಮಿತಿಯಾದರೂ ಮನೆಯಲ್ಲಿ ತಾವೇ ತೆಗೆದುಕೊಳ್ಳುವವರು 3 ಗ್ರಾಂನೊಳಗೇ ಇರುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ದಿನವೂ ಕುಡಿಯುವವರು ಮತ್ತು ಕಾಮಾಲೆಯಾದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನೆಗಡಿಯ ಗುಳಿಗೆಗಳಲ್ಲಿಯೂ ಇದೇ ಔಷಧ ಅಡಗಿರುತ್ತದೆ, ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು.

ನನ್ನನ್ನು ಕೇಳಿದರೆ, ಹಿಡಿದ ನಡಕ್ಕೆ ಗುಳಿಗೆಗಿಂತ ಕಾವು ಮೇಲು. ನಿಮ್ಮ ಮನೆಯಲ್ಲಿ ಅಜ್ಜಿಯರು ರೊಟ್ಟಿಯ ಹಂಚಿನ ಮೇಲೆ ಮಡಿಸಿದ ಬಟ್ಟೆಯನ್ನು ಕಾಯಿಸಿ, ಮೊದಲು ತಮ್ಮ ಮುಂಗೈಗೆ ಮುಟ್ಟಿಸಿಕೊಂಡು, ಆಮೇಲೆ ನಡದ ಮೇಲೆ ಇಡುತ್ತಿದ್ದುದನ್ನು ನೋಡಿರಬಹುದು. ಆ ಮುಂಗೈಯ ಪರೀಕ್ಷೆಯೂ ಸೇರಿದಂತೆ ಅದು ಸರಿಯಾದ ಕ್ರಮ. ಒಂದು ಸಲಕ್ಕೆ 15ರಿಂದ 20 ನಿಮಿಷ ಸಾಕು. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಹೊಸದಾಗಿ ಬಂದ ನಡನೋವಿಗೆ ಔಷಧಕ್ಕಿಂತ ಮೊದಲು ಕಾವು ಮತ್ತು ಅಂಗಮರ್ದನವನ್ನೇ ಹೇಳಿತು. ದಿನವಿಡೀ ಹಾಸಿಗೆಯಲ್ಲಿ ಮಲಗಿಸಬೇಡಿ. ಮನೆಯಿಂದ ದನದ ಕೊಟ್ಟಿಗೆಯವರೆಗೆ ನಡೆದಾಡಲಿ, ಚೀಲ ಮಾತ್ರ ಎತ್ತದಿರಲಿ. ಕಾಲಿನ ಬಲ ಕುಂದಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶವೇ ತಿಳಿಯದಂತಾದರೆ, ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ ಒಂದು ರಾತ್ರಿಯನ್ನೂ ಕಾಯದೆ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಜ್ವರ ಕೂಡಿದರೂ, ಆರು ವಾರವಾದರೂ ಬಿಡದಿದ್ದರೂ ವೈದ್ಯರಿಗೆ ತೋರಿಸಲೇಬೇಕು.

ಪ್ರಶ್ನೆ: ಬಿದ್ರಿ ಕೆಲಸ ನನ್ನದು. ಬಾಗಿ ಕುಳಿತು ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುವಷ್ಟರಲ್ಲಿ ಕತ್ತು, ಹೆಗಲು ಕಲ್ಲಾಗುತ್ತವೆ. ಬಾಮ್, ಜೆಲ್, ಸ್ಪ್ರೇಗಳಲ್ಲಿ ಯಾವುದು ಮೇಲು? ಕಳೆದ ವಾರ ಬಾಮ್ ತಿಕ್ಕಿ ಅದರ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡದ್ದಕ್ಕೆ ಚರ್ಮ ಗುಳ್ಳೆಯೆದ್ದಿದೆ.
(ಓದುಗರು, ಬೀದರ್)

ಉತ್ತರ: ಗುಳ್ಳೆ ಎದ್ದ ಕಾರಣ ನಿಮ್ಮ ಪತ್ರದಲ್ಲಿಯೇ ಇದೆ. ಬಾಮಿನಲ್ಲಿರುವ ಮೆಂಥಾಲ್ ಮತ್ತು ಮೀಥೈಲ್ ಸ್ಯಾಲಿಸಿಲೇಟ್‌ಗಳು ತಾವಾಗಿಯೇ ಚರ್ಮವನ್ನು ಕೆರಳಿಸಿ ನರತುದಿಗಳನ್ನು ಬೇರೆ ಕಡೆ ಸೆಳೆಯುವಂಥವು. ಅವುಗಳ ಮೇಲೆ ಕಾವು ಕೊಟ್ಟರೆ ಔಷಧ ಹೆಚ್ಚಾಗಿ ಒಳಗಿಳಿದು ಚರ್ಮ ಸುಡುತ್ತದೆ. ಬಾಮ್ ಹಚ್ಚಿದ ಜಾಗಕ್ಕೆ ಪಟ್ಟಿ ಸುತ್ತುವುದೂ ಬೇಡ, ಕಾವೂ ಬೇಡ. ಗುಳ್ಳೆಗಳನ್ನು ಒಡೆಯದೆ, ಅವು ಮಾಯುವವರೆಗೆ ಅಲ್ಲಿ ಏನನ್ನೂ ಹಚ್ಚದಿರಿ.

ಬಾಮ್ ಕೊಡುವುದು ತಂಪು ಅಥವಾ ಬಿಸಿಯ ಭಾವನೆಯನ್ನು. ಒಂದೆರಡು ಗಂಟೆ ನೋವು ಮರೆಯಲು ಅದು ಸಾಕಾದೀತು. ಡೈಕ್ಲೊಫೆನಾಕ್ ಜೆಲ್ ಚರ್ಮದಿಂದಿಳಿದು ಸ್ನಾಯುವಿನ ಉರಿಯೂತವನ್ನೇ ತಗ್ಗಿಸುತ್ತದೆ, ರಕ್ತಕ್ಕೆ ಸೇರುವ ಪಾಲು ಗುಳಿಗೆ ನುಂಗಿದಾಗಿನ ಸುಮಾರು 6% ಮಾತ್ರ. ಕತ್ತು, ಹೆಗಲು, ಮಣಿಕಟ್ಟು, ಹಿಮ್ಮಡಿಯ ಉಳುಕುಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ನಮ್ಮ ಜನ ಜೆಲ್ಲನ್ನು ಕಾಡಿಗೆಯಂತೆ ಹಚ್ಚಿ ‘ಗುಣ ಕಾಣಲಿಲ್ಲ’ ಎನ್ನುತ್ತಾರೆ. ಒಂದು ಹೆಗಲಿಗೆ ಸುಮಾರು 2 ಗ್ರಾಂನಂತೆ ದಿನಕ್ಕೆ ಮೂರು ಸಲ ಹಚ್ಚಿದರೆ 30 ಗ್ರಾಂನ ಟ್ಯೂಬು ಐದೇ ದಿನಕ್ಕೆ ಮುಗಿಯಬೇಕು. ನಿಮ್ಮದು ತಿಂಗಳುಗಟ್ಟಲೆ ಉಳಿದಿದ್ದರೆ ಹಚ್ಚಿದ್ದು ಸಾಲದೆಂದೇ ಅರ್ಥ. ಸ್ಪ್ರೇಯಲ್ಲಿರುವುದೂ ಬಹುತೇಕ ಇವೇ ಔಷಧಗಳು, ಬೆಲೆ ಮಾತ್ರ ಜಾಸ್ತಿ. ನಮ್ಮಲ್ಲಿ ಸಿಗುವ ಅನೇಕ ಜೆಲ್‌ಗಳಲ್ಲಿ ಡೈಕ್ಲೊಫೆನಾಕ್ ಜೊತೆಗೆ ಮೆಂಥಾಲ್ ಮತ್ತು ಮೀಥೈಲ್ ಸ್ಯಾಲಿಸಿಲೇಟ್ ಸೇರಿರುವುದರಿಂದ ಅವುಗಳ ಮೇಲೂ ಕಾವು ಕೊಡಬಾರದು. ರಕ್ತ ತೆಳುವಾಗಿಸುವ ವಾರ್‌ಫರಿನ್ ತೆಗೆದುಕೊಳ್ಳುವವರು, ಆಸ್ಪಿರಿನ್ ಒಗ್ಗದವರು, ಬಸುರಿಯರು ಇವುಗಳನ್ನು ಕೇಳದೆ ಹಚ್ಚಬಾರದು. ಹಚ್ಚಿದ ಕೈಯನ್ನು ಸೋಪಿನಿಂದ ತೊಳೆದ ಮೇಲೆಯೇ ಕಣ್ಣು ಮುಟ್ಟುವುದು, ಹಿಟ್ಟು ನಾದುವುದು.

ಮೀಥೈಲ್ ಸ್ಯಾಲಿಸಿಲೇಟ್ ಇರುವ ಎಣ್ಣೆಯ ಶೀಶೆಗಳು ಮನೆಯಲ್ಲಿದ್ದರೆ ಮಕ್ಕಳ ಕೈಗೆ ನಿಲುಕದಂತೆ ಇಡಿ. ಬಹುಪಾಲು ಈ ಔಷಧವೇ ಆಗಿರುವ ಶುದ್ಧ ವಿಂಟರ್‌ಗ್ರೀನ್ ಎಣ್ಣೆಯ ಒಂದೇ ಟೀ ಚಮಚದಲ್ಲಿ, ಎಂದರೆ 5 ಮಿಲಿಲೀಟರ್‌ನಲ್ಲಿ, ದೊಡ್ಡವರ 20 ಆಸ್ಪಿರಿನ್ ಗುಳಿಗೆಗಳಿಗೂ ಮೀರಿದ ವಿಷ ಇರುತ್ತದೆ. ಪುಟ್ಟ ಮಗುವಿಗೆ ಅದು ಪ್ರಾಣಾಂತಿಕ.

ಪ್ರಶ್ನೆ: ರಾತ್ರಿ ಮಲಗಿದಾಗ ಮೀನಖಂಡ ಗಂಟು ಕಟ್ಟಿದಂತೆ ಸೆಟೆದು ಚೀರಿಕೊಂಡು ಏಳುತ್ತೇನೆ. ನನ್ನ ಮಗಳು ಮುಟ್ಟಿನ ಹೊಟ್ಟೆನೋವಿಗೆ ತೆಗೆದುಕೊಳ್ಳುವ ಗುಳಿಗೆಯ ಹೆಸರಿನಲ್ಲಿ ‘ಸ್ಪಾಸ್’ ಎಂದಿದೆ. ಸೆಳೆತದ ಗುಳಿಗೆಯೇ ತಾನೆ, ನಾನೂ ತೆಗೆದುಕೊಳ್ಳಬಹುದೇ?
(ಗೃಹಿಣಿ, 54 ವರ್ಷ, ಶಹಾಪುರ)

ಉತ್ತರ: ಬೇಡ ತಾಯಿ. ಆ ಗುಳಿಗೆಯಲ್ಲಿರುವ ಡೈಸೈಕ್ಲೊಮಿನ್ ಕರುಳು, ಗರ್ಭಕೋಶಗಳಂಥ ಒಳ ಅಂಗಗಳ ಸ್ನಾಯುಗಳ ಮೇಲೆ ಕೆಲಸ ಮಾಡುವಂಥದ್ದು. ಮೀನಖಂಡದ ಸ್ನಾಯು ಬೇರೆಯೇ ಜಾತಿ, ನಮ್ಮ ಇಚ್ಛೆಯಂತೆ ಆಡುವಂಥದ್ದು; ಅದಕ್ಕೆ ಈ ಔಷಧ ತಾಗುವುದೇ ಇಲ್ಲ, ಬಾಯಿ ಒಣಗಿ ಕಣ್ಣು ಮಂಜಾಗುವುದಷ್ಟೇ ಲಾಭ. ಜೊತೆಗಿರುವ ಮೆಫೆನಾಮಿಕ್ ಆಸಿಡ್ ಕೂಡ ನಿರುಪದ್ರವಿಯಲ್ಲ: ಅಪರೂಪಕ್ಕೆ ಮೈತುಂಬ ದದ್ದು, ಜ್ವರಗಳೊಡನೆ ಒಳ ಅಂಗಗಳಿಗೂ ತಗಲುವ ತೀವ್ರ ಅಲರ್ಜಿಯನ್ನು ಅದು ತರಬಲ್ಲದೆಂದು ಭಾರತೀಯ ಔಷಧಸಂಹಿತೆ ಆಯೋಗವು 2023ರ ನವೆಂಬರ್‌ನಲ್ಲಿ ಎಚ್ಚರಿಸಿದೆ.

ಸೆಟೆದ ಗಳಿಗೆಯಲ್ಲಿ ಮಾಡಬೇಕಾದದ್ದು ಇಷ್ಟು: ಮೊಣಕಾಲನ್ನು ನೇರವಾಗಿಟ್ಟು, ಪಾದದ ಬೆರಳುಗಳನ್ನು ಕೈಯಿಂದ ಹಿಡಿದು ನಿಮ್ಮತ್ತ ಎಳೆದು, ಗಂಟು ಬಿಡುವವರೆಗೆ ಹಿಡಿದುಕೊಳ್ಳಿ. ಕೈ ನಿಲುಕದಿದ್ದರೆ ಸೀರೆಯ ತುಂಡೊಂದನ್ನು ಪಾದಕ್ಕೆ ಹಾಕಿ ಎಳೆಯಬಹುದು. ಮಲಗುವ ಮೊದಲು ಗೋಡೆಗೆ ಕೈ ಊರಿ, ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮುಂದಕ್ಕೆ ಬಾಗಿ ಮೀನಖಂಡವನ್ನು ಹಿಗ್ಗಿಸುವ ಅಭ್ಯಾಸವನ್ನು ಕೆಲವು ವಾರ ಮಾಡಿ ನೋಡಿ. ಮೆಡಿಕಲ್‌ಗಳಲ್ಲಿ ಇದಕ್ಕೆಂದು ಮಾರುವ ಮೆಗ್ನೀಸಿಯಮ್ ಗುಳಿಗೆಗಳಿಂದ ವಯಸ್ಸಾದವರಿಗೆ ಹೇಳಿಕೊಳ್ಳುವಂಥ ಪ್ರಯೋಜನ ಪರೀಕ್ಷೆಗಳಲ್ಲಿ ಕಂಡಿಲ್ಲ. ಹಿಂದೆ ಕೊಡುತ್ತಿದ್ದ ಕ್ವಿನೈನ್ ಅಂತೂ ರಕ್ತಕ್ಕೂ ಹೃದಯಕ್ಕೂ ಅಪಾಯಕಾರಿ. ಕಾಲಿನ ಸೆಳೆತಕ್ಕೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಕರು 2006ರಲ್ಲಿಯೇ ಹೇಳಿದ್ದಾರೆ.

ನೀವು ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ಅಥವಾ ಬಿಪಿಗೆ ಮೂತ್ರದ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಸೆಳೆತದ ಮೂಲ ಅಲ್ಲಿರಬಹುದು. ತಾವಾಗಿ ನಿಲ್ಲಿಸದೆ ಬರೆದುಕೊಟ್ಟ ವೈದ್ಯರಿಗೆ ತಿಳಿಸಿ. ಥೈರಾಯ್ಡ್, ಸಕ್ಕರೆ, ಪೊಟ್ಯಾಸಿಯಮ್‌ಗಳ ಪರೀಕ್ಷೆಯನ್ನೂ ಅವರೇ ಹೇಳುತ್ತಾರೆ. ಒಂದೇ ಮೀನಖಂಡ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ಅದನ್ನು ಸೆಳೆತವೆಂದು ತಿಕ್ಕಬಾರದು. ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಸೂಚನೆಯಿರಬಹುದು.

ಪ್ರಶ್ನೆ: ಶಹಾಬಾದ್ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತೇನೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ತೊಡೆ, ಹೊಟ್ಟೆ, ಕೈಗಳಲ್ಲಿ ಸೆಳೆತ ಬರುತ್ತದೆ. ಗುತ್ತಿಗೆದಾರರು ನೋವಿನ ಗುಳಿಗೆ ಕೊಡುತ್ತಾರೆ.
(ಓದುಗರು, ಶಹಾಬಾದ್)

ಉತ್ತರ: ಆ ಗುಳಿಗೆಯನ್ನು ಇಸಿದುಕೊಳ್ಳಬೇಡಿ. ಬೆವರಿನೊಡನೆ ಉಪ್ಪು ಹೋಗಿ ಬರುವ ಸೆಳೆತಕ್ಕೆ ನೋವಿನ ಗುಳಿಗೆ ಉಪಯೋಗವಿಲ್ಲ, ನೀರಾರಿದ ಮೈಯಲ್ಲಿ ಅದು ಮೂತ್ರಪಿಂಡಕ್ಕೆ ಕೇಡು. ನೆರಳಿಗೆ ಬಂದು, ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಅರ್ಧ ಲೋಟಕ್ಕೆ ಸುರಿದು ಕುಡಿಯುವುದು ತಪ್ಪು. ಬಿಪಿ ಇಲ್ಲದವರಿಗೆ ಉಪ್ಪು ಹಾಕಿದ ಮಜ್ಜಿಗೆಯೂ ಆದೀತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರಬೇಕು. ರಟ್ಟಿನ ಡಬ್ಬಿಯ ಸಿಹಿ ಪೇಯಗಳು ಓಆರ್‌ಎಸ್ ಎಂಬ ಹೆಸರನ್ನು ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಅಥವಾ ಜೊತೆಗಾರನು ಮೈ ಕಾದು ತೊದಲತೊಡಗಿದರೆ, ಮೈಗೆ ನೀರು ಸುರಿಯುತ್ತ ಆಸ್ಪತ್ರೆಗೆ ಸಾಗಿಸಬೇಕು.

ಪ್ರಶ್ನೆ: ಕೆನಡಾದಲ್ಲಿರುವ ನನ್ನ ತಮ್ಮ ಅವ್ವನ ನಡನೋವಿಗೆಂದು ಮೆಥೊಕಾರ್ಬಮಾಲ್ ಗುಳಿಗೆಯ ಬಾಟಲಿ ತಂದಿದ್ದಾನೆ. ಅಲ್ಲಿ ಚೀಟಿ ಇಲ್ಲದೆ ಕೊಡುತ್ತಾರಂತೆ. ಅವ್ವನಿಗೆ 67 ವರ್ಷ. ಕೊಡಬಹುದೇ?
(ಶಿಕ್ಷಕಿ, ಸುರಪುರ)

ಉತ್ತರ: ನಿಮ್ಮ ತಮ್ಮ ಹೇಳಿದ್ದು ನಿಜ, ಕೆನಡಾದಲ್ಲಿ ಅದು ಚೀಟಿ ಇಲ್ಲದೆ ಸಿಗುತ್ತದೆ. ಗಡಿ ದಾಟಿ ಅಮೆರಿಕಕ್ಕೆ ಹೋದರೆ ಅದೇ ಗುಳಿಗೆಗೆ ಚೀಟಿ ಬೇಕು. ಸ್ನಾಯು ಸಡಿಲಿಸುವ ಗುಳಿಗೆಯೆಂದು ಹೆಸರಾದರೂ ಅದು ನೇರವಾಗಿ ಸ್ನಾಯುವಿಗೆ ತಾಗುವುದಿಲ್ಲ; ಮಿದುಳು ಮತ್ತು ನರಮಂಡಲಕ್ಕೆ ಮಂಕು ಕವಿಸಿ, ಅದರ ಮೂಲಕ ಬಿಗಿತ ಕಡಿಮೆ ಮಾಡುತ್ತದೆ. ಆದ್ದರಿಂದಲೇ 65 ದಾಟಿದವರಿಗೆ ಇಂಥ ಗುಳಿಗೆಗಳನ್ನು ಕೊಡದಿರುವುದು ಲೇಸೆಂದು ಅಮೆರಿಕದ ವೃದ್ಧರೋಗ ತಜ್ಞರ ಪಟ್ಟಿ ಹೇಳುತ್ತದೆ: ತೂಕಡಿಕೆಯಲ್ಲಿ ರಾತ್ರಿ ಬಚ್ಚಲಿಗೆ ಎದ್ದು ಬಿದ್ದರೆ ನಡನೋವಿನ ಮನೆಯಲ್ಲಿ ಸೊಂಟದ ಮೂಳೆಯ ಮುರಿತವೂ ಸೇರಿಕೊಳ್ಳುತ್ತದೆ.

ಅಲ್ಲಿ ಮಾರುವ ಕೆಲವು ಬಾಟಲಿಗಳಲ್ಲಿ ಮೆಥೊಕಾರ್ಬಮಾಲ್ ಜೊತೆಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೇನ್ ಕೂಡಿರುತ್ತದೆ, ಪ್ಯಾರಾಸಿಟಮಾಲನ್ನು ಅಲ್ಲಿ ಅಸಿಟಮಿನೊಫೆನ್ ಎಂದು ಬರೆದಿರುತ್ತಾರೆ. ಅವ್ವ ಈಗಾಗಲೇ ಒಂದೆರಡು ನುಂಗಿದ್ದರೆ ಗಾಬರಿ ಬೇಡ, ಮೂತ್ರದ ಬಣ್ಣ ಕಂದು ಅಥವಾ ಹಸಿರಾದರೂ ಅದು ಈ ಔಷಧದಿಂದಲೇ ಆಗಿರಬಹುದು. ಇಂದು ರಾತ್ರಿ ಅವರ ಪಕ್ಕದಲ್ಲಿ ಯಾರಾದರೂ ಮಲಗಿ, ಎದ್ದಾಗ ಕೈ ಹಿಡಿಯಲಿ. ಬಾಟಲಿಯನ್ನು ಅವರ ವೈದ್ಯರಿಗೆ ತೋರಿಸಿ. ತಮ್ಮ ರಜೆ ಮುಗಿಸಿ ಹೊರಡುವಾಗ ಹಿಂದಕ್ಕೆ ಕೊಟ್ಟು ಕಳುಹಿಸಿದರೂ ಆದೀತು.