ಇಂಕ್ರಿಮೆಂಟ್ ಪಟ್ಟಿಯ ಖಾಲಿ ಸಾಲು

ಅವರು ನನ್ನ ಹತ್ತಿರ ಬಂದಿದ್ದು ಸಂಬಳದ ವಿಷಯಕ್ಕಲ್ಲ, ಹೊಟ್ಟೆನೋವಿಗೆ. ಭಾನುವಾರ ಸಂಜೆಯಾದರೆ ಹೊಟ್ಟೆ ಹಿಂಡುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ. ಸ್ಕ್ಯಾನ್ ಮಾಡಿಸಿದ್ದಾಯಿತು, ಏನೂ ಸಿಗಲಿಲ್ಲ. ‘ಟೆನ್ಷನ್ ಇರಬೇಕು, ಒಂದ್ಸಲ ಮಾತಾಡಿ ನೋಡಿ’ ಎಂದು ಡಾಕ್ಟರು ಆಪ್ತಸಲಹೆಗೆ ನನ್ನ ಕಡೆ ಕಳಿಸಿದ್ದರು. ಅದು 2025ರ ಮಾರ್ಚ್.

ಮಾಲಿನಿ ಎನ್ನೋಣ. ಹೆಸರು ಬೇರೆ. ಗುರುತು ಹತ್ತಬಹುದಾದ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 36. ತವರು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಕಾರವಾರದ ಹತ್ತಿರ ಒಂದು ಮೀನು ಸಂಸ್ಕರಣೆ ಘಟಕದಲ್ಲಿ ಏಳು ವರ್ಷದಿಂದ ಎಚ್‌ಆರ್. ವಿಭಾಗ ಎಂದರೆ ಅವರೊಬ್ಬರೇ. ಹಾಜರಿ, ಸಂಬಳ, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ), ಜಗಳ ಬಿಡಿಸುವುದು, ವ್ಯಾನ್ ಡ್ರೈವರ್ ಬರದಿದ್ದರೆ ಇನ್ನೊಬ್ಬನನ್ನು ಹುಡುಕುವುದು, ಎಲ್ಲವೂ ಅವರ ತಲೆ ಮೇಲೆ.

ಮೂರನೇ ಭೇಟಿಯಲ್ಲಿ ಆ ಪಟ್ಟಿಯ ಮಾತು ಬಂತು. ಪ್ರತಿ ವರ್ಷ ಇಂಕ್ರಿಮೆಂಟ್ ಪಟ್ಟಿ ತಯಾರಿಸುವುದು ಅವರೇ. ಯಾರಿಗೆ ಎಷ್ಟು, ಯಾಕೆ ಎಂದು ಒಬ್ಬೊಬ್ಬರ ಹೆಸರಿನ ಮುಂದೆ ಬರೆದು ಮಾಲೀಕರ ಟೇಬಲ್ ಮೇಲೆ ಇಡುತ್ತಾರೆ. ಕೋಲ್ಡ್ ಸ್ಟೋರೇಜ್ ಹುಡುಗನಿಗೆ ಹೆಚ್ಚಿಸಲೇಬೇಕು ಎಂದು ಅರ್ಧ ಗಂಟೆ ವಾದ ಮಾಡಿ ಗೆದ್ದು ಬಂದವರು.

‘ನಿಮ್ಮ ಹೆಸರಿನ ಮುಂದೆ ಏನು ಬರೀತೀರಿ?’

‘ಖಾಲಿ ಬಿಡ್ತೇನೆ ಮೇಡಂ. ಸಾಹೇಬ್ರು ನೋಡಿ ಹಾಕ್ತಾರೆ.’

‘ಎಷ್ಟು ಹಾಕ್ತಾರೆ?’

‘ಎಲ್ಲರಿಗೂ ಹಾಕಿ ಉಳಿದಿದ್ದು’ ಎಂದು ನಕ್ಕರು. ಆಮೇಲೆ ಅತ್ತರು.

ಆಯಿ ಚಿಕ್ಕಂದಿನಲ್ಲಿ ಹೇಳುತ್ತಿದ್ದ ಮಾತು ಅವರ ಬಾಯಲ್ಲಿ ಈಗಲೂ ಇದೆ: ‘ಕೂಸೆ, ಕೇಳಿ ತಿಂಬಲಾಗ.’ ಪಂಕ್ತಿಯಲ್ಲಿ ಕೂತವರು ಕೇಳಬಾರದು, ಬಡಿಸುವವರು ಎಲೆ ನೋಡಿ ಬಡಿಸಬೇಕು. ಒಳ್ಳೆಯ ಪದ್ಧತಿಯೇ. ಬಡಿಸೋರು ನಮ್ಮೋರಾದ್ರೆ ಕೊನೇ ಪಂಕ್ತಿಯಲ್ಲಿ ಕೂತರೇನು ಅಂತ ಗಾದೆಯೂ ಇದೆ. ಆದರೆ ಇಲ್ಲಿ ಬಡಿಸುತ್ತಿರುವವರು ಮಾಲಿನಿಯೇ. ಅವರ ಎಲೆಯನ್ನು ನೋಡುವವರು ಯಾರೂ ಇಲ್ಲ.

ಇನ್ನೊಂದು ಗಾಯವೂ ಇತ್ತು. ಹಿಂದೊಮ್ಮೆ ಅವರು ಸಹಾಯಕ್ಕೆ ಒಬ್ಬರು ಬೇಕು ಎಂದಾಗ ಮಾಲೀಕರು ಎಲ್ಲರೆದುರು ಹೇಳಿದ್ದರಂತೆ, ‘ನೀವು ಇಲ್ಲೀತನಕ ಒಂದು ಬಂಗಡೆ ಮಾರಿದ್ದೀರಾ?’ ತಮಾಷೆಗೆ ಹೇಳಿದ ಮಾತು. ಎಚ್‌ಆರ್ ಅಂದರೆ ಖರ್ಚಿನ ಖಾತೆ ಎಂಬ ನಂಬಿಕೆ ಮಾತ್ರ ತಮಾಷೆಯದಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಧೈರ್ಯದ ಕೊರತೆ ಎಂದುಕೊಂಡು ಮೊದಲಿಗೆ ನಾನು ಮಾತಿನ ಅಭ್ಯಾಸ ಮಾಡಿಸಿದೆ. ನಾನು ಮಾಲೀಕ, ಅವರು ಅವರೇ. ‘ಸರ್, ತಪ್ಪು ತಿಳೀಬೇಡಿ’ ಎಂದು ಶುರು ಮಾಡಿ ಎರಡನೇ ವಾಕ್ಯಕ್ಕೆ ನಿಂತುಬಿಡುತ್ತಿದ್ದರು. ಬೇರೆಯವರಿಗಾಗಿ ಅಷ್ಟು ಜೋರಾಗಿ ವಾದಿಸುವವರಿಗೆ ಧೈರ್ಯ ಇಲ್ಲ ಅಂದರೆ ಹೇಗೆ? ಅವರಿಗೆ ಇರದಿದ್ದದ್ದು ತಮ್ಮ ಕೆಲಸದ ಲೆಕ್ಕ. ಎಚ್‌ಆರ್ ಕೆಲಸ ಚೆನ್ನಾಗಿ ಆದರೆ ಏನೂ ಆಗುವುದಿಲ್ಲ. ಜಗಳ ಆಗಲಿಲ್ಲ, ನೋಟಿಸ್ ಬರಲಿಲ್ಲ, ಜನ ಬಿಟ್ಟು ಹೋಗಲಿಲ್ಲ. ಆಗದೇ ಇದ್ದದ್ದನ್ನು ಯಾರು ಎಣಿಸುತ್ತಾರೆ?

ಹಾಗಾಗಿ ಮಾತಿನ ಅಭ್ಯಾಸ ಬಿಟ್ಟು 200 ಪುಟದ ನೋಟ್‌ಬುಕ್ ತರಲು ಹೇಳಿದೆ. ಒಂದು ವರ್ಷ ಹಿಂದಕ್ಕೆ ಹೋಗಿ. ಎಡಗಡೆ ನೀವು ಮಾಡಿದ್ದು. ಬಲಗಡೆ, ಮಾಡದಿದ್ದರೆ ಏನಾಗುತ್ತಿತ್ತು ಎಂಬುದು, ಮಾಲೀಕರ ಭಾಷೆಯಲ್ಲಿ: ರೂಪಾಯಿ, ಕಿಲೋ, ದಿನ.

ಮುಂದಿನ ವಾರ ಬಂದಾಗ ಹನ್ನೊಂದು ಪುಟ ತುಂಬಿತ್ತು. ಓದುತ್ತಾ ನಾನೇ ಬೆರಗಾದೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಪ್ಲಾಂಟ್‌ನಲ್ಲಿ ಕೆಲಸ ಇಳಿಯುತ್ತದೆ. ಸಿಗಡಿ ಸುಲಿಯುವ ಹೆಂಗಸರು ಊರಿಗೆ ಹೋಗುತ್ತಾರೆ, ಕೆಲವರು ಗೋವಾ ಕಡೆ ಕೆಲಸ ಹಿಡಿಯುತ್ತಾರೆ. ಆಗಸ್ಟ್‌ನಲ್ಲಿ ಎಷ್ಟು ಮಂದಿ ವಾಪಸ್ ಬರುತ್ತಾರೆ ಎನ್ನುವುದರ ಮೇಲೆ ಇಡೀ ಸೀಸನ್ ನಿಂತಿದೆ. ಹೊಸಬರ ಕೈ ಪಳಗಲು ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಮಾಲು ಹಾಳು. ಮಾಲಿನಿ ಜುಲೈ ಎರಡನೇ ವಾರದಿಂದ ಒಬ್ಬೊಬ್ಬರಿಗೂ ಫೋನ್ ಮಾಡುತ್ತಾರೆ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್ ಖಾತೆಯಲ್ಲಿ ಇನ್ನೊಂದು ಎಂದು ಹಣ ಸಿಕ್ಕಿಕೊಂಡವರ ಕಾಗದ ಸರಿ ಮಾಡಿಸುತ್ತಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಅವಧಿಯಲ್ಲಿ ಕನಿಷ್ಠ 78 ದಿನದ ಇಎಸ್‌ಐ ವಂತಿಗೆ ಇಲ್ಲದಿದ್ದರೆ ಮುಂದೆ ಕಾಯಿಲೆ ಬಿದ್ದಾಗ ನಗದು ನೆರವು ಸಿಗುವುದಿಲ್ಲ. ಮಧ್ಯೆ ಎರಡು ತಿಂಗಳು ಕೆಲಸ ಕಡಿಮೆ ಆಗುವವರಿಗೆ ಇದು ದೊಡ್ಡ ವಿಷಯ. ಯಾರ ದಿನ ಕಡಿಮೆ ಬೀಳುತ್ತಿದೆ ಎಂದು ಮೇ ತಿಂಗಳಲ್ಲೇ ನೋಡಿಡುತ್ತಾರೆ. ಹೋದ ಸೀಸನ್‌ನಲ್ಲಿ 60 ಜನರಲ್ಲಿ 51 ಜನ ವಾಪಸ್ ಬಂದರು. ಅದರ ಹಿಂದಿನ ವರ್ಷ 34.

2024ರ ಆಗಸ್ಟ್ 7ರ ಪುಟವೂ ಇತ್ತು. ಕಾಳಿ ನದಿಯ ಹಳೆ ಸೇತುವೆ ನಡುರಾತ್ರಿ ಕುಸಿದ ದಿನ. ಬೆಳಗಿನ ಪಾಳಿಯ ಅರ್ಧದಷ್ಟು ಹೆಂಗಸರು ಆಚೆ ದಡದ ಸದಾಶಿವಗಡದ ಕಡೆಯವರು. ಬೆಳಗಾಗುವ ಮೊದಲೇ ಎದ್ದು ಎಲ್ಲರಿಗೂ ಫೋನ್ ಮಾಡಿ, ಹೊರಡಬೇಡಿ ಎಂದು ಹೇಳಿ, ಈಚೆ ದಡದವರನ್ನೇ ಕರೆಸಿ ಪಾಳಿ ನಡೆಸಿದ್ದರು. ಐಸ್‌ನಲ್ಲಿದ್ದ ಮಾಲು ಉಳಿಯಿತು. ‘ಅದೂ ಬರೀಬೇಕಾ ಮೇಡಂ? ಅವತ್ತು ಯಾರಿದ್ದರೂ ಹಾಗೇ ಮಾಡ್ತಿದ್ರು’ ಎಂದರು. ಯಾರಿದ್ದರೂ ಮಾಡುತ್ತಿದ್ದರೋ ಏನೋ. ಮಾಡಿದ್ದು ನೀವು ತಾನೇ, ಬರೆಯಿರಿ ಎಂದೆ.

ಲೋಡಿಂಗ್ ಗುತ್ತಿಗೆದಾರ ಮೂರು ತಿಂಗಳು ಪಿಎಫ್ ಕಟ್ಟಿರಲಿಲ್ಲ. ಗುತ್ತಿಗೆದಾರ ಕೈಕೊಟ್ಟರೆ ಹೊಣೆ ಕಂಪನಿಯ ಕೊರಳಿಗೇ ಬರುತ್ತದೆ. ತಡವಾದರೆ ವರ್ಷಕ್ಕೆ 12% ಬಡ್ಡಿ, ದಂಡ ಬೇರೆ. ಬಿಲ್ ತಡೆಹಿಡಿದು ಕಟ್ಟಿಸಿದ್ದು ಮಾಲಿನಿ. ಮಾಲೀಕರಿಗೆ ಈ ಸಂಗತಿಯೇ ಗೊತ್ತಿರಲಿಲ್ಲ.

ಎರಡು ಸಂಗತಿ ಮಾತ್ರ ಹೊಡೆದು ಹಾಕಿಸಿದೆ. ಒಂದು, ಲೈಂಗಿಕ ಕಿರುಕುಳದ ದೂರನ್ನು ಸಮಿತಿಯ ಮೂಲಕ ಸರಿಯಾಗಿ ನಡೆಸಿದ್ದು. ಒಳ್ಳೆಯ ಕೆಲಸ, ನಿಜ. ಆದರೆ 2013ರ ಕಾನೂನಿನ ಪ್ರಕಾರ ದೂರಿನ ವಿವರ ಗುಟ್ಟಾಗಿರಬೇಕು. ಅದನ್ನು ಸಂಬಳದ ಮಾತಿಗೆ ತರುವುದು ಬೇಡ. ಎರಡನೆಯದು ಅವರಿಗೆ ಜಾಸ್ತಿ ನೋವು ಕೊಟ್ಟದ್ದು. ಎರಡು ವರ್ಷದ ಹಿಂದೆ ಸೇರಿದ ಖರೀದಿ ಮ್ಯಾನೇಜರ್‌ಗೆ ತಮಗಿಂತ 18,000 ರೂಪಾಯಿ ಹೆಚ್ಚು ಎಂಬುದು. ಆ ಅಂಕಿ ಅವರಿಗೆ ಗೊತ್ತಿರುವುದು ಕುರ್ಚಿಯ ಕಾರಣಕ್ಕೆ. ಅದನ್ನೇ ಮಾಲೀಕರೆದುರು ಹಿಡಿದರೆ ಏಳು ವರ್ಷದ ನಂಬಿಕೆ ಒಂದೇ ವಾಕ್ಯಕ್ಕೆ ಹೋಗುತ್ತದೆ. ಹೊರಗೆ ಇದೇ ಕೆಲಸಕ್ಕೆ ಜಾಹೀರಾತುಗಳಲ್ಲಿ ಎಷ್ಟು ಕೊಡುತ್ತಾರೆ ನೋಡಿ, ಅದನ್ನು ಹೇಳಿ ಎಂದೆ. ಒಪ್ಪಿದರು, ಮುಖ ಗಂಟು ಹಾಕಿಕೊಂಡೇ.

ಗೋವಾದ ಹೋಟೆಲ್ ಒಂದರಿಂದ ಕರೆ ಬಂದಿದೆ ಎಂದು ಹೇಳಲಾ ಎಂದು ಕೇಳಿದರು. ‘ಹೋಗ್ತೀರಾ?’ ಎಂದೆ. ಇಲ್ಲ, ಮಗಳ ಶಾಲೆ ಇಲ್ಲಿದೆ. ಹಾಗಾದರೆ ಅದು ಬೇಡ. ‘ಹೋಗಿ’ ಅಂದುಬಿಟ್ಟರೆ?

ಯಾವಾಗ ಕೇಳುವುದು ಎಂಬುದರಲ್ಲಿ ಅವರೇ ನನ್ನನ್ನು ತಿದ್ದಿದರು. ಕೆಲಸ ಭರದಲ್ಲಿರುವ ಸೆಪ್ಟೆಂಬರ್ ಒಳ್ಳೆಯದು, ಆಗ ನಿಮ್ಮ ಬೆಲೆ ಕಾಣುತ್ತದೆ ಎಂದಿದ್ದೆ. ‘ಸೆಪ್ಟೆಂಬರಲ್ಲಿ ಅವರ ಕಣ್ಣಿಗೆ ಮೀನು ಬಿಟ್ಟು ಇನ್ನೇನೂ ಬೀಳಲ್ಲ ಮೇಡಂ. ಮೇ ಕೊನೆಗೆ, ಆಗಸ್ಟ್‌ಗೆ ಜನ ಬರ್ತಾರೋ ಇಲ್ವೋ ಅಂತ ಅವರಿಗೆ ಹೆದರಿಕೆ ಶುರುವಾದಾಗ.’ ಸರಿ ಎಂದೆ.

ಮಾತಿಗೆ ಮೂರು ಸೂಚನೆ ಕೊಟ್ಟೆ. ಕ್ಷಮೆಯಿಂದ ಶುರು ಮಾಡಬೇಡಿ. ಅಂಕಿಯನ್ನು ನೀವೇ ಮೊದಲು ಹೇಳಿ, ಹೇಳಿದ ಮೇಲೆ ಸುಮ್ನೆ ಕೂತುಕೊಳ್ಳಿ. ‘ನೋಡೋಣ’ ಎಂದರೆ ‘ಯಾವತ್ತು ಬರಲಿ ಸರ್?’ ಎಂದು ತಾರೀಖು ಕೇಳಿ. ಎರಡನೆಯದು ಅವರಿಗೆ ತುಂಬಾ ಕಷ್ಟವಾಯಿತು. ಅಭ್ಯಾಸದಲ್ಲಿ ‘50,000’ ಎಂದು ಹೇಳಿದ ಮರುಕ್ಷಣವೇ ‘ಆಗದಿದ್ದರೂ ಪರವಾಗಿಲ್ಲ’ ಎಂದು ಸೇರಿಸುತ್ತಿದ್ದರು. ಕೊನೆಗೆ ನಾಲಗೆ ಕಚ್ಚಿಕೊಂಡು ಕೂರುವುದನ್ನು ಕಲಿತರು, ಅಕ್ಷರಶಃ.

ಆಗ ಅವರ ಸಂಬಳ 38,000. ಸೀನಿಯರ್ ಮ್ಯಾನೇಜರ್ ಎಂಬ ಹೆಸರೂ ಬೇಕೆಂದಿದ್ದರು. ಹೆಸರು ಯಾಕೆ ಎಂದು ಕೆದಕಿದಾಗ ನಿಜವಾಗಿ ಬೇಕಿದ್ದದ್ದು ತಿಳಿಯಿತು: ಶನಿವಾರದ ಪ್ರೊಡಕ್ಷನ್ ಮೀಟಿಂಗ್‌ನಲ್ಲಿ ಒಂದು ಕುರ್ಚಿ. ಎಷ್ಟು ಜನ ಬೇಕು ಎಂದು ಅಲ್ಲಿ ತೀರ್ಮಾನವಾಗುತ್ತದೆ, ಅವರಿಗೆ ಸೋಮವಾರ ಗೊತ್ತಾಗುತ್ತದೆ. ಭಾನುವಾರ ಸಂಜೆಯ ಹೊಟ್ಟೆನೋವಿನ ಜಾಡು ನನಗೆ ಸಿಕ್ಕಿದ್ದು ಆವತ್ತು.

ಮೇ ಕೊನೆಯ ವಾರ ಮಾತಾಡಿದರು. ಮಾಲೀಕರು ಗುತ್ತಿಗೆದಾರನ ಪುಟವನ್ನು ಎರಡು ಸಲ ಓದಿದರಂತೆ. ಆಮೇಲೆ ‘ನೋಡೋಣ’ ಎಂದರು, ಇವರು ತಾರೀಖು ಕೇಳಿದರು. ಜೂನ್ 20ಕ್ಕೆ 44,000 ಎಂದು ಕಾಗದ ಕೈಗೆ ಬಂತು. ಶನಿವಾರದ ಮೀಟಿಂಗ್‌ಗೂ ಕರೆದರು. ಸಹಾಯಕ್ಕೆ ಜನ ಮಾತ್ರ ಕೊಡಲಿಲ್ಲ, ಹೆಸರೂ ಬದಲಾಗಲಿಲ್ಲ. ನನಗೆ ಇದು ಕಡಿಮೆ ಅನಿಸಿತು. ಅವರಿಗೆ ಹಾಗೆ ಅನಿಸಲಿಲ್ಲ. ನೋಟ್‌ಬುಕ್ ಮುಂದುವರಿಸಿದ್ದಾರೆ, ಅಕ್ಟೋಬರ್‌ಗೆ ಸಹಾಯಕರ ವಿಷಯ ಮತ್ತೆ ಎತ್ತುತ್ತಾರಂತೆ.

ಕೊನೆಯ ಭೇಟಿ ಜುಲೈ 31ಕ್ಕೆ ಇತ್ತು. ಮಧ್ಯಾಹ್ನ ಮೆಸೇಜ್ ಬಂತು: ‘ಇವತ್ತು ಬರೋಕ್ಕಾಗಲ್ಲ ಮೇಡಂ. ನಾಳೆ ಬೋಟು ಹೊರಡ್ತವೆ. ಇನ್ನೂ ಒಂಬತ್ತು ಜನಕ್ಕೆ ಫೋನ್ ಮಾಡೋದಿದೆ.’